ಹೆಲ್ಮೆಟ್ಟಿನಲ್ಲಿಟ್ಟ ಲಿಂಗ

ಪಂತ್ ನಗರ, ಘಾಟ್ಕೋಪರ್
೧೧ ಆಗಸ್ಟ್ ೨೦೨೪

ಅವ್ವನಿಗೆ ದಾನೇಶ್ವರಿಯ ಶರಣು.

ನೀನು ಮನೆ ಬಿಟ್ಟು ಇವತ್ತಿಗೆ ಇಪ್ಪತ್ತು ದಿನ. ಕಿಶೋರನಿಗೆ ಫೋನ್ ಮಾಡಿ ನಿನ್ನ ಕೈಗೆ ಕೊಡು ಅಂದರೆ ಅವನು, "ಅಕ್ಕಾ, ಅವ್ವ ಫೋನ್ ಮುಟ್ಟೂದಿಲ್ಲ ಅಂತಾಳ. ನಿನ್ನ ಕೂಡ ಮಾತಾಡೂದಿಲ್ಲಂತ ಆಣಿ ಮಾಡ್ಯಾಳ. ಏನರ ಇದ್ರ ಬರದು ಕಳಸು ಅಂದಾಳ" ಅಂದ. ಘಾಟ್ಕೋಪರಿನಿಂದ ವಿಲೆ ಪಾರ್ಲೆಗೆ ಮೆಟ್ರೋ ಹಿಡಿದರೆ ಮುಕ್ಕಾಲು ಗಂಟೆಯ ದಾರಿ. ಅಷ್ಟು ದೂರಕ್ಕೆ ಅಂಚೆ ಚೀಟಿ ಹಚ್ಚಿ ಕಾಗದ ಹಾಕುವ ಕಾಲ ಬಂತು. ಮುನಿಸಿಪಾಲ್ಟಿಯ ಕನ್ನಡ ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆದಿಲ್ಲ. ತಪ್ಪಿದ್ದರೆ ನನ್ನನ್ನು ಬೈಯಲು ನಿನಗೆ ಇನ್ನೊಂದು ಕಾರಣ ಸಿಕ್ಕಿತು ಎಂದುಕೋ.

ನಡೆದದ್ದನ್ನು ನೀನು ಕಿಶೋರನಿಗೂ ಅವನ ಹೆಂಡತಿ ಶೀತಲಳಿಗೂ ಹೇಗೆ ಹೇಳಿದ್ದೀಯೋ ಗೊತ್ತಿಲ್ಲ. ನಾನು ನಡೆದ ಹಾಗೆ ಬರೆಯುತ್ತೇನೆ. ಕೊರಳಲ್ಲಿ ಏನನ್ನೂ ಕಟ್ಟಿಕೊಂಡು ನೀರಿಗಿಳಿಯಬಾರದು ಎಂದು ಈಜುಕೊಳದವರು ನನಗೆ ಎರಡು ಸಲ ಹೇಳಿದ್ದರು. ಮೂರನೆಯ ಸಲ ಹೇಳಿಸಿಕೊಳ್ಳುವುದು ಬೇಡವೆಂದು ಆ ದಿನ ಬೆಳಿಗ್ಗೆ ಇಷ್ಟಲಿಂಗವನ್ನು ಮನೆಯಲ್ಲೇ ತೆಗೆದಿಟ್ಟೆ. ಬಚ್ಚಲಿನ ಗೂಟಕ್ಕೆ ಹಾಕಲು ಮನಸ್ಸಾಗಲಿಲ್ಲ. ದೇವರ ಜಗಲಿಯ ಮೇಲಿಟ್ಟರೆ ನಿನ್ನ ಕಣ್ಣಿಗೆ ಬೀಳುತ್ತಿತ್ತು. ಸೈಕಲ್ ಹೆಲ್ಮೆಟ್ ಹೊಸದು, ಒಳಗೆ ಮೆತ್ತನೆಯ ಸ್ಪಂಜಿದೆ, ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಹೊಳೆಯಲಿಲ್ಲ. ನೀನು ಧೂಳು ಒರೆಸಲು ಅದನ್ನೇ ಎತ್ತಿದೆ. ಲಿಂಗವಿದ್ದ ಕರಡಿಗೆ ಉರುಳಿ ನೆಲಕ್ಕೆ ಬಿತ್ತು. ನಾನು ಒದ್ದೆ ತಲೆಯಲ್ಲಿ ಬಾಗಿಲು ತೆಗೆದಾಗ ನೀನು ಅದನ್ನು ಸೆರಗಿನಲ್ಲಿ ಹಿಡಿದು ಅಳುತ್ತಿದ್ದೆ.

ಹೆಲ್ಮೆಟ್ಟಿನಲ್ಲಿಟ್ಟದ್ದು ತಪ್ಪು. ನಿನ್ನಿಂದ ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡ ತಪ್ಪು. ಎರಡಕ್ಕೂ ನಿನ್ನ ಕಾಲು ಹಿಡಿಯುತ್ತೇನೆ. ಆದರೆ ಈಜುವುದು ತಪ್ಪಲ್ಲ ಅವ್ವ, ಅದನ್ನು ನಾನು ಒಪ್ಪುವುದಿಲ್ಲ.

ಹದಿನಾರು ವರ್ಷದಿಂದ ಲೇಡೀಸ್ ಡಬ್ಬಿಯಲ್ಲಿ ನಿಂತು ಫೋರ್ಟಿನ ಆಫೀಸಿಗೆ ಹೋಗಿಬಂದಿದ್ದೇನೆ. ನನ್ನ ಮೈ ಎಂದರೆ ನಾಲ್ಕು ಜನರ ಮೊಳಕೈ ತಪ್ಪಿಸಿ ಸಾಗಿಸಬೇಕಾದ ಒಂದು ಸಾಮಾನು ಎಂದೇ ತಿಳಿದಿದ್ದೆ. ನೀರಿನಲ್ಲಿ ಮೊದಲ ಸಲ ಅದು ನನ್ನದು ಅನ್ನಿಸಿತು. ಆಫೀಸಿನ ವಿನೋದಿನಿ ಗೊತ್ತಲ್ಲ, ಮಂಗಳೂರಿನ ಕಡೆಯವಳು, ನನಗೆ ಈಜು ಕಲಿಸುತ್ತಿರುವವಳು. ಅವಳು ಎರಡು ಸಲ ಓಡಿ ಮುಗಿಸಿರುವ ಟ್ರಯಥ್ಲಾನ್‌ಗೆ ನಾನೂ ಹೆಸರು ಕೊಟ್ಟಿದ್ದೇನೆ. ಫೆಬ್ರವರಿ ಒಂಬತ್ತು, ಭಾನುವಾರ. ಜುಹೂ ಕಡಲಲ್ಲಿ ಒಂದೂವರೆ ಕಿಲೋಮೀಟರ್ ಈಜಬೇಕು, ಬಂದ ಕೂಡಲೇ ನಲವತ್ತು ಕಿಲೋಮೀಟರ್ ಸೈಕಲ್, ಇಳಿದ ಕೂಡಲೇ ಹತ್ತು ಕಿಲೋಮೀಟರ್ ಓಟ.

ನೀನು ಬೇಡ ಅಂದರೂ ಹೋಗುತ್ತೇನೆ. ನೀನು ಬೇಡ ಅನ್ನದಿರಲಿ ಎಂದು ಈ ಕಾಗದ.

ನಿನ್ನ ಮಗಳು
ದಾನೇಶ್ವರಿ

*

ವಿಲೆ ಪಾರ್ಲೆ
೧೯ ಆಗಸ್ಟ್ ೨೦೨೪

ಚಿರಂಜೀವಿ ದಾನೇಶ್ವರಿಗೆ ಅಂಬವ್ವ ಮಾಡುವ ಆಶೀರ್ವಾದ.

ಮಾತಾಡುವುದಿಲ್ಲ ಎಂದು ಆಣೆ ಮಾಡಿದ್ದೇನೆ. ಬರೆಯುವುದಿಲ್ಲ ಎಂದು ಮಾಡಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಕಾಗದದಲ್ಲಿ ಕಾಗುಣಿತ ಸರಿಯಿದೆ, ಬುದ್ಧಿ ಸರಿಯಿಲ್ಲ. ಕಾಲು ಹಿಡಿಯುತ್ತೇನೆ ಅಂದವಳು ಮುಂದಿನ ಸಾಲಿನಲ್ಲೇ ಎದುರು ಜವಾಬು ಕೊಡುತ್ತೀಯ. ನಿಮ್ಮಪ್ಪನೂ ಹೀಗೆಯೇ, ಕೈ ಮುಗಿಯುತ್ತಲೇ ಜಗಳ ತೆಗೆಯುತ್ತಿದ್ದರು.

ಈಜಬೇಡ ಎಂದು ನಾನು ಯಾವತ್ತು ಹೇಳಿದೆ? ಈಜು, ಸೈಕಲ್ ಹೊಡಿ, ಬೇಕಾದರೆ ಮರ ಹತ್ತು. ಲಿಂಗ ಮೈ ಬಿಟ್ಟು ಹೋಗಬಾರದು, ಅಷ್ಟೇ ನನ್ನ ಮಾತು. ಪಿತ್ತಕೋಶದ ಆಪರೇಶನ್ ಆದಾಗ ಡಾಕ್ಟರು "ತೆಗೀರಿ ಆಜಿ" ಅಂದರು. "ನನ್ನ ಹೊಟ್ಟಿ ಬೇಕಾದ್ರ ತಗೀರಿ, ಇದನ್ನಲ್ಲ" ಅಂದೆ. ಕಡೆಗೆ ಕೈಗೆ ಕಟ್ಟಿ ಮೇಲೆ ಪಟ್ಟಿ ಸುತ್ತಿದರು. ಆಪರೇಶನ್ ಮೇಜಿನ ಮೇಲೆ ಮಲಗಿದ ನನ್ನ ಮೈಮೇಲೆ ಅದಕ್ಕೊಂದು ಜಾಗ ಸಿಕ್ಕಿತು. ನೀರಿನಲ್ಲಿ ನಿನಗೆ ಸಿಗುವುದಿಲ್ಲವೇ?

ಕರಡಿಗೆ ನೆಲಕ್ಕೆ ಬಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆ ದಿನ ನಾನು ಉಪವಾಸವಿದ್ದೆ. ನೀನು ನನ್ನೆದುರಿಗೇ ಕೂತು ಎರಡು ಬಾಳೆಹಣ್ಣು ತಿಂದೆ. ಈಜಿದರೆ ಹಸಿವಾಗುತ್ತದಂತೆ.

ಲಿಂಗ ಎಲ್ಲಿ ಹೋಗಬಲ್ಲದೋ ಅಲ್ಲಿಗೆ ನೀನು ಹೋಗು. ಅದು ಹೋಗಲಾರದ ಕಡೆಗೆ ನೀನೂ ಹೋಗಬೇಡ. ಅಲ್ಲಿಯವರೆಗೆ ನಾನು ಪಾರ್ಲೆಯಲ್ಲೇ ಇರುತ್ತೇನೆ.

ಇಂತಿ
ಅಂಬವ್ವ

*

ಘಾಟ್ಕೋಪರ್
೮ ಸೆಪ್ಟೆಂಬರ್ ೨೦೨೪

ಅವ್ವನಿಗೆ ಶರಣು.

ಸರಿ. ಎರಡನ್ನೂ ಬಿಡುವುದಿಲ್ಲ. ಲಿಂಗವನ್ನೂ ಬಿಡುವುದಿಲ್ಲ, ಕಡಲನ್ನೂ ಬಿಡುವುದಿಲ್ಲ. ಯಾರಿಗೆ ಮೊದಲು ಸಾಕಾಗುತ್ತದೆಯೋ ನೋಡೋಣ.

ನಿನ್ನ ಆಪರೇಶನ್ ಉಪಾಯವನ್ನೇ ಮೊದಲು ಮಾಡಿ ನೋಡಿದೆ. ತೋಳಿಗೆ ಕಟ್ಟಿ ಪಟ್ಟಿ ಸುತ್ತಿದೆ. ಮೇಜಿನ ಮೇಲೆ ಮಲಗಿದವರ ಕೈ ಆಡುವುದಿಲ್ಲ, ಈಜುವವರ ಕೈ ಒಂದು ಗಂಟೆಯಲ್ಲಿ ಎರಡು ಸಾವಿರ ಸಲ ತಿರುಗುತ್ತದೆ. ಹತ್ತನೆಯ ಸುತ್ತಿಗೆ ಪಟ್ಟಿ ಸಡಿಲಾಗಿ ಮಣಿಕಟ್ಟಿಗೆ ಇಳಿಯಿತು. ಆಮೇಲೆ ಮೊಬೈಲ್ ಒದ್ದೆಯಾಗದಂತೆ ಇಡುವ ಪ್ಲಾಸ್ಟಿಕ್ ಚೀಲ ತಂದೆ. ಅದರೊಳಗೆ ಗಾಳಿ ನಿಂತು ಚೀಲ ಗದ್ದಕ್ಕೆ ಬಂದು ಬಡಿಯತೊಡಗಿತು. ಉಸಿರೆಳೆಯಲು ಮುಖ ತಿರುಗಿಸಿದಾಗಲೆಲ್ಲ ಅದೂ ನನ್ನ ಜೊತೆಗೆ ಮೇಲೆ ಬರುತ್ತಿತ್ತು. ಮೂರನೆಯದು ಸೊಂಟದ ಬೆಲ್ಟು. ಸೊಂಟದ ಕೆಳಗೆ ಲಿಂಗ ಇಳಿಯಬಾರದೆಂದು ನೀನೇ ಚಿಕ್ಕಂದಿನಿಂದ ಹೇಳಿದ್ದೀಯ. ಅಂಗಡಿಯಲ್ಲೇ ಬಿಟ್ಟು ಬಂದೆ.

ಫೋರ್ಟಿನ ಆ ಆಟದ ಸಾಮಾನಿನ ಅಂಗಡಿಯವನ ಕಥೆ ಕೇಳು. ನಾನು ಬಾಯಿ ತೆರೆಯುವ ಮೊದಲೇ, "ಮೇಡಂ, ಲೇಡೀಸ್ ಕೆ ಲಿಯೇ ಪಿಂಕ್ ಮೇ ಹೈ" ಅಂದ. ಬಣ್ಣ ಕೇಳಿಲ್ಲ, ಹೊಲಿಗೆ ತೋರಿಸು ಅಂದೆ. ಆಮೇಲೆ ಮೈಗೆ ಬಿಗಿಯಾಗಿ ಕೂರುವ ದಪ್ಪ ರಬ್ಬರ್ ಸೂಟು ತೋರಿಸಿದ. ಅದು ಕೊರೆಯುವ ನೀರಿಗೆ ಬೇಕಾದದ್ದು. ನಮ್ಮ ಕಡಲು ಫೆಬ್ರವರಿಯಲ್ಲೂ ಬೆಚ್ಚಗಿರುತ್ತದೆ, ಅದನ್ನು ಹಾಕಿದರೆ ನಾನು ಒಳಗೇ ಬೇಯುತ್ತೇನೆ ಎಂದೆ. "ಮೇಡಂ ಕೋ ಸಬ್ ಮಾಲೂಮ್ ಹೈ" ಎಂದು ಮುಖ ಗಂಟಿಕ್ಕಿದ. ಹೌದು, ನನಗೆ ಎಲ್ಲ ಗೊತ್ತು. ಒಂದು ತಿಂಗಳು ರೈಲಿನಲ್ಲಿ ನಿಂತು ಇದನ್ನೇ ಓದಿದ್ದೇನೆ.

ಕಡೆಗೆ ಟ್ರೈಸೂಟ್ ತೆಗೆದುಕೊಂಡೆ. ಒಂದೇ ಬಟ್ಟೆ, ಮೂರು ಆಟಕ್ಕೂ ಅದೇ. ನೀರಿನಿಂದ ಎದ್ದು ಹಾಗೆಯೇ ಸೈಕಲ್ ಹತ್ತಬಹುದು. ಕರಡಿಗೆಯನ್ನು ಸೂಟಿನ ಒಳಗೇ ಎದೆಗೆ ಒತ್ತಿಕೊಂಡರೆ ನೀರಿನಲ್ಲಿ ನಡೆಯುತ್ತದೆ. ಆದರೆ ಸೈಕಲ್ ಮೇಲೆ ಬಗ್ಗಿದಾಗ ಕೆಳಗೆ ಜಾರಿ ಹೊಟ್ಟೆಗೆ ಬರುತ್ತದೆ.

ಆ ಸೂಟನ್ನೇ ಕಿಶೋರನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಮೂವತ್ತು ವರ್ಷ ಈ ಪೇಟೆಯ ಅರ್ಧ ಹೆಂಗಸರ ಕುಬಸ ಹೊಲಿದವಳು. ಬೈಯುವುದಿದ್ದರೆ ಮೊದಲು ನೋಡಿ ಆಮೇಲೆ ಬೈ.

ದಾನೇಶ್ವರಿ

*

ವಿಲೆ ಪಾರ್ಲೆ
೧೭ ಸೆಪ್ಟೆಂಬರ್ ೨೦೨೪

ಚಿ. ದಾನೇಶ್ವರಿಗೆ ಆಶೀರ್ವಾದ.

ನೋಡಿದೆ.

ಇದು ಬಟ್ಟೆಯೋ ಹಾವಿನ ಪೊರೆಯೋ ಎಂದು ಮೊದಲು ತಿಳಿಯಲಿಲ್ಲ. ತೊಡೆಯ ಅರ್ಧಕ್ಕೇ ನಿಂತುಹೋಗಿದೆ. ಕೂರುವ ಕಡೆ ಕೂಸಿನ ಲಂಗೋಟಿಯ ಹಾಗೆ ಮೆತ್ತೆ ಇಟ್ಟಿದ್ದಾರೆ. ಶೀತಲ ನಕ್ಕೂ ನಕ್ಕೂ ಸಾಕಾದಳು. ಆದರೆ ಸುಳ್ಳು ಹೇಳಬಾರದು. ಹೊಲಿಗೆ ಹೊಲಿದವನು ಕೆಲಸಗಾರ. ಎರಡು ತುಂಡು ಸೇರುವ ಕಡೆ ದಂಡೆ ಏಳದಂತೆ ಚಪ್ಪಟೆಯಾಗಿ ಕೂಡಿಸಿದ್ದಾನೆ, ಉಗುರು ಆಡಿಸಿದರೂ ತಡೆಯುವುದಿಲ್ಲ. ಬಗಲಿನಲ್ಲಿ ಮಾತ್ರ ದುಡುಕಿದ್ದಾನೆ. ನಿನ್ನ ಎರಡು ಸಾವಿರ ತಿರುವಿಗೆ ಅಲ್ಲಿ ಮೈ ಉಜ್ಜಿಹೋಗುತ್ತದೆ, ಬೇಕಾದರೆ ನೋಡು. ಚೈನು ಕೊರಳವರೆಗೆ ಬಂದಿದೆ, ಅದರ ತುದಿಗೆ ಮರೆ ಇಲ್ಲ. ಗಂಟಲಿಗೆ ಚುಚ್ಚುತ್ತದೆ.

ತೊಳೆದು ಗ್ಯಾಲರಿಯಲ್ಲಿ ಒಣಹಾಕಿದ್ದೆ. ಆಗಲೇ ಪಕ್ಕದ ಮನೆಯಲ್ಲಿರುವ ನಮ್ಮ ಸಮಾಜದ ನಾಗವ್ವ ಬರಬೇಕೇ! ಅದು ಗಾಳಿಗೆ ಕೈಕಾಲು ಆಡಿಸುತ್ತಿತ್ತು. "ಇದ್ಯಾರದವ್ವಾ ಅಂಬವ್ವಾ?" ಎಂದಳು. "ಕಿಶೋರಂದು" ಎಂದೆ. "ಕಿಶೋರಂದ್ ಎದಿ ಹಿಂಗ್ ಯಾಕದ?" ಎಂದಳು. ಅವಳಿಗೆ ಚಹಾ ಕೊಡಲಿಲ್ಲ.

ಎದೆಯ ಒಳಮೈಗೆ ಒಂದು ಕಿಸೆ ಹೊಲಿದಿದ್ದೇನೆ. ನಾಲ್ಕೂ ಕಡೆ ಎರಡೆರಡು ಸಾಲು ಟಾಕು, ಬಾಯಿಗೆ ಮಡಿಕೆ, ಒಳಗೆ ಹತ್ತಿಯ ಅಸ್ತರ. ಕರಡಿಗೆ ಜಾರುವುದಿಲ್ಲ. ನಿನಗಾಗಿ ಹೊಲಿದದ್ದಲ್ಲ, ಲಿಂಗಕ್ಕಾಗಿ ಹೊಲಿದದ್ದು. ಅಳತೆ ಮೀರಿ ತಿಂದು ಹೊಟ್ಟೆ ಬೆಳೆಸಿದರೆ ಹೊಲಿಗೆಯ ಮೇಲೆ ತಪ್ಪು ಹೊರಿಸಬೇಡ.

ಇಂತಿ
ಅಂಬವ್ವ

*

ಘಾಟ್ಕೋಪರ್
೨೦ ಅಕ್ಟೋಬರ್ ೨೦೨೪

ಅವ್ವನಿಗೆ ಶರಣು.

ಕಿಸೆ ಹಾಕಿಕೊಂಡು ಒಂದು ತಿಂಗಳು ಆಡಿ ನೋಡಿದೆ. ವರದಿ ಒಪ್ಪಿಸುತ್ತೇನೆ.

ಕರಡಿಗೆ ಜಾರಲಿಲ್ಲ. ನೀರಿಗೆ ಹಾರಿದರೂ, ಸೈಕಲ್ಲಿನ ಮೇಲೆ ಬಗ್ಗಿದರೂ, ರಸ್ತೆಯ ಗುಂಡಿಗಿಳಿದರೂ ಕೂತಲ್ಲೇ ಕೂತಿತ್ತು. ಸೂಟಿನೊಳಗೆ ಕಾಣದಂತಿರುವುದರಿಂದ ಈಜುಕೊಳದವರೂ ಸುಮ್ಮನಿದ್ದಾರೆ. ತೊಂದರೆ ಕೊಟ್ಟದ್ದು ನಿನ್ನ ಹತ್ತಿಯ ಅಸ್ತರ. ಹತ್ತಿ ನೀರು ಕುಡಿದು ಬಿಡುವುದಿಲ್ಲ. ಸೈಕಲ್ ಮುಗಿಸಿ ಓಡುವ ಹೊತ್ತಿಗೂ ತೊಟ್ಟಿಕ್ಕುತ್ತಿತ್ತು. ಎದೆಯ ನಡುವೆ ಚರ್ಮ ಎದ್ದು ರಕ್ತ ಬಂತು. ಸ್ನಾನದ ನೀರು ಬಿದ್ದಾಗ ನಾನು ಕಿರುಚಿದ್ದು ಮೇಲಿನ ಮನೆಯವರೆಗೆ ಕೇಳಿಸಿತಂತೆ. ಅಸ್ತರ ಬಿಚ್ಚಿ ಸೂಟಿನದೇ ಜಾತಿಯ ಬಟ್ಟೆ ಹಚ್ಚು, ಸೂಟನ್ನೂ ಆ ಬಟ್ಟೆಯ ತುಂಡನ್ನೂ ಇದರ ಜೊತೆಗಿಟ್ಟಿದ್ದೇನೆ. ಬಗಲಿನ ವಿಷಯದಲ್ಲಿ ನೀನು ಹೇಳಿದ್ದೇ ನಿಜವಾಯಿತು. ಎರಡೂ ಬಗಲು ಉರಿಯುತ್ತಿವೆ.

ಸೈಕಲ್ ವಿನೋದಿನಿಯ ಹಳೆಯದು. ಅವಳು ನನಗಿಂತ ಒಂದು ಗೇಣು ಎತ್ತರ. ಸೀಟು ಇಳಿಸಿದರೂ ಹ್ಯಾಂಡಲ್ ದೂರವಾಗಿ ಬೆನ್ನು ನೋಯುತ್ತಿತ್ತು. ಹ್ಯಾಂಡಲಿನ ಕೊಂಡಿಯನ್ನು ಗಿಡ್ಡದ್ದಕ್ಕೆ ಬದಲಿಸಿದ ಮೇಲೆ ಸೈಕಲ್ ನನ್ನದಾಯಿತು. ಶೂಗಳಿಗೆ ಎಳೆದರೆ ಹಿಗ್ಗುವ ಲೇಸು ಹಾಕಿದ್ದೇನೆ, ಕಟ್ಟುವ ಕೆಲಸವಿಲ್ಲ. ಈಜುವ ಕನ್ನಡಕ ಎರಡು ಜೊತೆ ತಂದೆ. ಕಪ್ಪು ಗಾಜಿನದು ನನಗಿರಲಿ, ಬಿಸಿಲು ಎದುರಿಗೆ ಬರುತ್ತದೆ. ಬಿಳಿಯದನ್ನು ಕಿಶೋರನ ಮಗಳಿಗೆ ಕೊಡು.

ಆಫೀಸಿನ ಭೀಮರಾಯ ಸಾಹೇಬರು ನಿನ್ನೆ ಎಲ್ಲರೆದುರು ಕೇಳಿದರು, "ಯಾಕ್ರೀ ದಾನೇಶ್ವರಿ, ಈ ವಯಸ್ಸಿನಾಗ ಯಾರಿಗೆ ತೋರಸಾಕ ಇದೆಲ್ಲ?" "ನಿಮಗಂತೂ ಅಲ್ರೀ ಸರ್" ಎಂದೆ. ಮೂವತ್ತೊಂಬತ್ತು ಒಂದು ವಯಸ್ಸೇ? ನೀನು ಐವತ್ತಕ್ಕೆ ಹೊಸ ಮಷಿನ್ ಕಲಿತವಳು.

ನೀನಿಲ್ಲದೆ ಮನೆ ಬಿಕೋ ಎನ್ನುತ್ತದೆ ಅವ್ವ. ನಾನೇ ಮಾಡಿದ ರೊಟ್ಟಿ ನಾನೇ ತಿನ್ನಲಾರದಷ್ಟು ಗಟ್ಟಿ. ಇದನ್ನು ಸೋಲು ಎಂದು ತಿಳಿಯಬೇಡ. ಬಾ ಎಂದು ಕರೆಯುತ್ತಿದ್ದೇನೆ, ಫೆಬ್ರವರಿ ಒಂಬತ್ತನ್ನು ಬಿಟ್ಟುಕೊಡುತ್ತೇನೆ ಎನ್ನುತ್ತಿಲ್ಲ.

ದಾನೇಶ್ವರಿ

*

ವಿಲೆ ಪಾರ್ಲೆ
೪ ನವೆಂಬರ್ ೨೦೨೪

ಚಿ. ದಾನೇಶ್ವರಿಗೆ ಆಶೀರ್ವಾದ.

ದೀಪಾವಳಿಗೆ ನೀನು ಬಂದು ಹೊಸ್ತಿಲಲ್ಲಿ ನಿಂತಾಗ ನಾನು ಒಳಗೆ ಹೋದೆ ಎಂದು ಕಿಶೋರ ನನ್ನನ್ನು ಬೈದ. ನಾನು ಹೋದದ್ದು ಚಕ್ಕಲಿ ಕಟ್ಟಲು. ಡಬ್ಬಿ ನಿನ್ನ ಕೈಗೆ ಬಂತೋ ಇಲ್ಲವೋ? ಬಂತಲ್ಲ. ಮತ್ತೇನು.

ಅಸ್ತರ ಬಿಚ್ಚಿ ಬೇರೆ ಹಚ್ಚಿದ್ದೇನೆ. ಬಗಲಿನ ಹೊಲಿಗೆಯನ್ನೂ ಬಿಚ್ಚಿ ಹೊಸದಾಗಿ ಕೂಡಿಸಿದ್ದೇನೆ. ಈ ಬಟ್ಟೆ ಸೂಜಿಯ ಕೆಳಗೆ ಹಾವಿನಂತೆ ಓಡುತ್ತದೆ, ಎರಡು ಸೂಜಿ ಮುರಿದವು. ರಕ್ತ ಬಂದ ಕಡೆ ಕೊಬ್ಬರಿ ಎಣ್ಣೆ ಹಚ್ಚು. ಹಚ್ಚಿದೆ ಎಂದು ಸುಳ್ಳು ಬರೆಯಬೇಡ.

ನಿನ್ನ ಸೋದರಮಾವ ಸಿದ್ದಲಿಂಗಪ್ಪ ಹಬ್ಬಕ್ಕೆ ಬಂದಿದ್ದ. ಎಲ್ಲ ಕೇಳಿ, "ಅಕ್ಕಾ, ಈಗಿನ ಕಾಲದಾಗ ಯಾರು ಹಾಕ್ಕೋತಾರ? ಪೂಜಾಕ್ಕ ಕುಂತಾಗ ಹಾಕ್ಕೊಂಡ್ರಾತು. ನಾನೂ ಕಪಾಟಿನಾಗ ಇಟ್ಟೇನಿ" ಎಂದ. ನನಗೆ ಹೊಟ್ಟೆ ಉರಿಯಿತು. ಎರಡು ತಿಂಗಳಿಂದ ನೀನೂ ನಾನೂ ಒಂದು ಕಿಸೆಗಾಗಿ ರಕ್ತ ಸುರಿಸಿ ಸೂಜಿ ಮುರಿದು ಒದ್ದಾಡುತ್ತಿದ್ದೇವೆ, ಇವನು ಒಂದೇ ಮಾತಿನಲ್ಲಿ ಕಪಾಟಿಗೆ ಹಾಕಿ ಬೀಗ ಹಾಕಿದ. "ನನ್ನ ಮಗಳು ಸಮುದ್ರಕ್ಕ ಇಳ್ಯಾಕಿ, ಆಕಿನೂ ಬಿಟ್ಟಿಲ್ಲ. ನೀ ಖುರ್ಚಿ ಬಿಟ್ಟು ಏಳಾಂವಲ್ಲ, ನಿನಗೇನಾಗೇದ?" ಎಂದೆ. ಹಾಗೆಂದ ಮೇಲೆ ನನಗೇ ಆಶ್ಚರ್ಯವಾಯಿತು.

ಇನ್ನೊಂದು. ಆ ಬಿಳಿಯ ಕನ್ನಡಕವನ್ನು ಮಗುವಿಗೆ ಕೊಡುವ ಮೊದಲು, ನೀನು ಅದರಲ್ಲಿ ಏನು ಕಾಣುತ್ತೀಯೋ ನೋಡೋಣವೆಂದು ಬಚ್ಚಲ ಬಾಗಿಲು ಹಾಕಿಕೊಂಡು, ಅದನ್ನು ಹಾಕಿ, ಬಕೆಟ್ಟಿನಲ್ಲಿ ಮುಖ ಅದ್ದಿದೆ. ಬಕೆಟ್ಟಿನ ತಳ ಕಂಡಿತು, ಒಂದು ಕೂದಲೂ ಕಂಡಿತು. ಇದಕ್ಕಾಗಿಯೇ ನನ್ನನ್ನು ಬಿಟ್ಟೆಯಾ ಎನ್ನಿಸಿತು. ಆದರೆ ಕಿವಿಯಲ್ಲಿ ಜಗತ್ತು ಪೂರಾ ಸುಮ್ಮನಾಯಿತು. ನಾಗವ್ವನ ಟಿವಿಯ ಸದ್ದೂ ಇಲ್ಲ. ಇನ್ನೊಂದು ಸಲ ಅದ್ದಿದೆ. ಇದನ್ನು ಯಾರಿಗೂ ಹೇಳಬೇಡ.

ಇಂತಿ
ಅಂಬವ್ವ

*

ಘಾಟ್ಕೋಪರ್
೧೨ ಜನವರಿ ೨೦೨೫

ಅವ್ವನಿಗೆ ಶರಣು.

ಈ ಕಾಗದವನ್ನು ಕೂತು ಓದು.

ಇವತ್ತು ಬೆಳಿಗ್ಗೆ ವಿನೋದಿನಿಯ ಗುಂಪಿನ ಜೊತೆ ಜುಹೂ ಕಡಲಿಗಿಳಿದೆ. ಕೊಳದಲ್ಲಿ ನಾಲ್ಕು ತಿಂಗಳು ಏನೂ ಆಗದ ಸೂಟು ಅದು. ಅಲೆ ದಾಟುವಾಗ ಒಂದು ಅಲೆ ಎದೆಗೇ ಹೊಡೆಯಿತು, ಚೈನು ಅರ್ಧ ಕೆಳಗಿಳಿಯಿತು. ಕಿಸೆ ನಿಂತಿತ್ತು ಅವ್ವ, ನಿನ್ನ ಹೊಲಿಗೆಯ ಒಂದು ಎಳೆಯೂ ಕಿತ್ತಿಲ್ಲ. ಆದರೆ ಕೊರಳಿನಿಂದ ಕಿಸೆಗೆ ಹೋಗುವ ಶಿವದಾರ ಚೈನಿನ ಸಂದಿಯಿಂದ ಕುಣಿಕೆಯಾಗಿ ಹೊರಗೆ ಬಂತು. ಕೈ ಬೀಸಿದಾಗ ಅದರೊಳಗೆ ಕೈ ಸಿಕ್ಕಿತು. ಮುಂದೆ ಎಳೆದಷ್ಟೂ ಕೊರಳು ಬಿಗಿಯಿತು. ಉಪ್ಪುನೀರು ಕುಡಿದೆ. ಏನು ಮಾಡಬೇಕೆಂದು ತೋಚದೆ ಎರಡೂ ಕೈಯಿಂದ ಲಿಂಗವನ್ನೇ ಹಿಡಿದುಕೊಂಡೆ. ಎರಡೂ ಕೈಯಿಂದ ಏನನ್ನಾದರೂ ಹಿಡಿದವರು ನೀರಿನಲ್ಲಿ ಮುಳುಗುತ್ತಾರೆ. ಕಾವಲಿನ ದೋಣಿಯವರು ಜುಟ್ಟು ಹಿಡಿದು ಎತ್ತಿದರು. ಕೊರಳಿನ ಸುತ್ತ ಕೆಂಪು ಗೆರೆ ಎದ್ದಿದೆ, ಎರಡು ದಿನದಲ್ಲಿ ಹೋಗುತ್ತದೆ ಎಂದರು. ಲಿಂಗಕ್ಕೆ ಏನೂ ಆಗಿಲ್ಲ.

ದಂಡೆಯಲ್ಲಿ ವಿನೋದಿನಿ ನನಗೆ ಸ್ಪರ್ಧೆಯ ನಿಯಮದ ಹಾಳೆ ತೋರಿಸಿದಳು. ಸೂಟು, ಟೋಪಿ, ಕನ್ನಡಕ, ಹೊತ್ತು ಅಳೆಯಲು ಕಾಲಿಗೆ ಕಟ್ಟುವ ಪಟ್ಟಿ, ನೀರಿಗಿಳಿಯುವಾಗ ಮೈಮೇಲೆ ಇಷ್ಟೇ ಇರಬೇಕು. ಕೊರಳಲ್ಲಿ ಏನೂ ಇರಬಾರದು, ಮೊದಲಿನಿಂದ ಕೊನೆಯವರೆಗೆ. ಅವಳು ನನ್ನ ಪರವಾಗಿ ಅವರಿಗೆ ಫೋನ್ ಮಾಡಿ ಅರ್ಧ ಗಂಟೆ ವಾದಿಸಿದಳು. ನಿಯಮ ಎಲ್ಲರಿಗೂ ಒಂದೇ ಎಂದರು. ಬೆಳಿಗ್ಗೆ ಆದದ್ದನ್ನು ನೆನೆದರೆ ಅವರ ಮಾತು ತಪ್ಪು ಎನ್ನಲು ನನಗೆ ಬಾಯಿಲ್ಲ. "ಒಳಗೆ ಹಾಕ್ಕೊಳ್ಳಿ ಮಾರಾಯ್ರೆ, ಯಾರು ಬಿಚ್ಚಿ ನೋಡ್ತಾರೆ?" ಎಂದಳು ವಿನೋದಿನಿ. ಕದ್ದು ಒಯ್ಯುವ ವಸ್ತುವಲ್ಲ ಅದು. ಒಂದು ಸಲ ನಿನ್ನಿಂದ ಕದ್ದಿಟ್ಟೆ, ಸಾಕು.

ಆದ್ದರಿಂದ ಹೇಳಿಯೇ ಮಾಡುತ್ತಿದ್ದೇನೆ. ಫೆಬ್ರವರಿ ಒಂಬತ್ತರಂದು ನಾನು ಲಿಂಗವಿಲ್ಲದೆ ನೀರಿಗಿಳಿಯುತ್ತೇನೆ. ನಾಲ್ಕು ಗಂಟೆ ಅದು ನನ್ನ ಮೈಮೇಲೆ ಇರುವುದಿಲ್ಲ. ನೀನು ಜನ್ಮವಿಡೀ ನನ್ನ ಜೊತೆ ಮಾತಾಡದಿರಬಹುದು. ಅದನ್ನು ನೆನೆದರೆ ನನಗೆ ಕಡಲಿಗಿಂತ ಹೆಚ್ಚು ಭಯವಾಗುತ್ತದೆ. ಆದರೂ ಇಳಿಯುತ್ತೇನೆ. ಇಷ್ಟು ದೂರ ಬಂದು ದಂಡೆಯ ಮೇಲೆ ನಿಂತರೆ, ಮುಂದೆ ನಿನ್ನ ಮುಖ ನೋಡಿದಾಗಲೆಲ್ಲ ನನಗೆ ಆ ಭಾನುವಾರ ನೆನಪಾಗುತ್ತದೆ. ನಿನ್ನ ಮೇಲೆ ಹಾಗೆ ಸಿಟ್ಟು ಇಟ್ಟುಕೊಂಡು ಬದುಕಲು ನನಗೆ ಇಷ್ಟವಿಲ್ಲ.

ಒಂದೇ ಕೇಳುತ್ತೇನೆ. ಆ ನಾಲ್ಕು ಗಂಟೆ ಅದನ್ನು ಎಲ್ಲಿಡಲಿ? ಜಗಲಿಯ ಮೇಲೋ, ಮಠದಲ್ಲೋ? ನೀನು ಹೇಳಿದ ಕಡೆ ಇಡುತ್ತೇನೆ.

ದಾನೇಶ್ವರಿ

*

ಘಾಟ್ಕೋಪರ್
೨೯ ಜನವರಿ ೨೦೨೫

ಅವ್ವನಿಗೆ ಶರಣು.

ನಿನ್ನ ಕಾಗದ ಬರಲಿಲ್ಲ. ಹದಿನೇಳು ದಿನ ಕೆಳಗಿನ ಟಪಾಲು ಡಬ್ಬಿ ತೆಗೆದು ನೋಡಿದ್ದೇನೆ. ಕಿಶೋರನನ್ನು ಕೇಳಿದರೆ, "ಅವ್ವ ಸುಮ್ನ ಕುಂತಾಳ. ನಾವೂ ಸುಮ್ನ ಕುಂತೀವಿ" ಎನ್ನುತ್ತಾನೆ.

ನಾನು ಸುಮ್ಮನೆ ಕೂತಿಲ್ಲ. ಸಾಮಾನುಗಳನ್ನೆಲ್ಲ ಹಾಲಿನಲ್ಲಿ ಹರಡಿ, ಒದ್ದೆ ಕಾಲಿನಲ್ಲಿ ಶೂ ಹಾಕುವುದನ್ನೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದನ್ನೂ ದಿನಾ ಮಾಡುತ್ತಿದ್ದೇನೆ. ಸೂಟಿನ ಚೈನಿನ ತುದಿಗೆ ನಾನೇ ಒಂದು ಕೊಕ್ಕೆ ಹೊಲಿದೆ, ಇನ್ನು ಅಲೆಗೆ ಇಳಿಯುವುದಿಲ್ಲ. ನಿನ್ನ ಕಿಸೆಯನ್ನು ಮಾತ್ರ ಬಿಚ್ಚಲಿಲ್ಲ. ಖಾಲಿಯಿದ್ದರೂ ಇರಲಿ.

ಉತ್ತರ ಬರಲಿ ಬಾರದಿರಲಿ, ಒಂಬತ್ತನೆಯ ತಾರೀಖಿನ ಭಾನುವಾರ ಬೆಳಿಗ್ಗೆ ಆರಕ್ಕೆ ಜುಹೂ ದಂಡೆಯಲ್ಲಿರುತ್ತೇನೆ. ನಿನ್ನ ಮನೆಯಿಂದ ಆಟೋದಲ್ಲಿ ಇಪ್ಪತ್ತು ನಿಮಿಷ. ದಾರಿ ತಿಳಿಸಿದೆ ಅಷ್ಟೇ.

ದಾನೇಶ್ವರಿ

*

ವಿಲೆ ಪಾರ್ಲೆ
೪ ಫೆಬ್ರವರಿ ೨೦೨೫

ಚಿ. ದಾನೇಶ್ವರಿಗೆ ಅಂಬವ್ವ ಮಾಡುವ ಆಶೀರ್ವಾದ.

ಸಿಟ್ಟಿಗೆ ಬರೆಯದೆ ಕೂತೆ ಎಂದು ತಿಳಿಯಬೇಡ. ಹೆದರಿಕೆಗೆ ಕೂತೆ. ಕೊರಳಿಗೆ ದಾರ ಬಿಗಿಯಿತು ಎಂದು ನೀನು ಬರೆದ ಸಾಲನ್ನು ದಾಟಿ ಎಂಟು ದಿನ ಮುಂದೆ ಓದಲಾಗಲಿಲ್ಲ. ಲಿಂಗಕ್ಕೆ ಏನೂ ಆಗಿಲ್ಲ ಎಂದು ಬರೆದಿದ್ದೀಯ. ನಾನು ಅದನ್ನು ಕೇಳಿದ್ದೆನೇ? ಮೊದಲು ನಿನಗೆ ಏನೂ ಆಗಿಲ್ಲ ಎಂದು ಬರೆಯಬೇಕೋ ಬೇಡವೋ? ಇಷ್ಟು ದೊಡ್ಡವಳಾಗಿ ಅವ್ವನಿಗೆ ಕಾಗದ ಬರೆಯುವ ಕ್ರಮ ಗೊತ್ತಿಲ್ಲ. ಅಥವಾ ನಾನೇ ನಿನಗೆ ಹಾಗೆ ಕಲಿಸಿದೆನೇನೋ. ಅದನ್ನು ಯೋಚಿಸುತ್ತ ಮತ್ತೆ ಎಂಟು ದಿನ ಹೋಯಿತು.

ನಿನ್ನೆ ವಿನೋದಿನಿಗೆ ಫೋನ್ ಮಾಡಿದೆ. ಅವಳ ಜೊತೆ ಮಾತಾಡುವುದಿಲ್ಲ ಎಂದು ಆಣೆಯಿಲ್ಲ. ನನ್ನ ಮಗಳು ಇದನ್ನು ಮುಗಿಸುತ್ತಾಳೆಯೇ ಎಂದು ಕೇಳಿದೆ. "ಅವಳು ಮುಗಿಸದಿದ್ರೆ ಮತ್ಯಾರು ಮುಗಿಸ್ತಾರೆ ಅಮ್ಮ?" ಎಂದಳು. ದಂಡೆಯಲ್ಲಿ ಮನೆಯವರು ಎಲ್ಲಿ ನಿಲ್ಲಬೇಕು, ಕೂರಲು ಖುರ್ಚಿ ಇದೆಯೋ ಎಂದೂ ಕೇಳಿದೆ. ಇಲ್ಲವಂತೆ. ಕಿಶೋರ ಮನೆಯಿಂದ ಮಡಿಚುವ ಖುರ್ಚಿ ತರುತ್ತಾನೆ.

ಎಲ್ಲಿಡಲಿ ಎಂದು ಕೇಳಿದೆಯಲ್ಲ. ಜಗಲಿ ಎನ್ನಲು ಹೋದೆ, ಬಾಯಿ ಬರಲಿಲ್ಲ. ಮಠ ಎನ್ನಲು ಹೋದೆ, ಅಲ್ಲಿಯವರು ನಿನಗೇನು ಬೇಕು? ಯೋಚಿಸುತ್ತ ಯೋಚಿಸುತ್ತ ನನಗೆ ಎಂಬತ್ತೈದನೆಯ ಇಸವಿ ನೆನಪಾಯಿತು. ಆಗ ನಾವು ಘಾಟ್ಕೋಪರಿನ ಚಾಳಿನಲ್ಲಿದ್ದೆವು. ನೀನು ಹೊಟ್ಟೆಯಲ್ಲಿದ್ದೆ. ಎಂಟನೆಯ ತಿಂಗಳಲ್ಲಿ ಅಯ್ಯನವರು ಮನೆಗೆ ಬಂದು, ಹುಟ್ಟುವ ಕೂಸಿನದು ಎಂದು ನಿನ್ನ ಲಿಂಗವನ್ನು ನನ್ನ ಕೊರಳಿಗೆ ಕಟ್ಟಿದರು. ಬೇರೆಯವರ ಮನೆಯಲ್ಲಿ ಈ ಪದ್ಧತಿ ಉಳಿದಿದೆಯೋ ಇಲ್ಲವೋ ತಿಳಿಯದು, ನಮ್ಮಲ್ಲಿ ಇತ್ತು. ನೀನು ಹುಟ್ಟಿ ಹೆಸರಿಡುವವರೆಗೂ ನನ್ನ ಎದೆಯ ಮೇಲೆ ಎರಡು ಲಿಂಗ. ಹಾಗೆಯೇ ಲೋಕಲ್ ಹತ್ತಿದೆ, ಹಾಗೆಯೇ ನೀರು ತುಂಬಿದೆ, ಹಾಗೆಯೇ ಮಷಿನ್ ತುಳಿದೆ. ನಿನ್ನ ಲಿಂಗ ನಿನ್ನ ಮೈ ಬಿಟ್ಟಿದೆ ಎಂದು ಆಗ ಯಾರೂ ಹೇಳಲಿಲ್ಲ. ನನಗೂ ಹಾಗೆ ಅನ್ನಿಸಲಿಲ್ಲ.

ಭಾನುವಾರ ಐದೂವರೆಗೆ ಜುಹೂ ದಂಡೆಗೆ ಬ‌ರುತ್ತೇನೆ. ನೀರಿಗಿಳಿಯುವ ಮೊದಲು ಅದನ್ನು ತೆಗೆದು ನಿನ್ನ ಕೈಯಾರೆ ನನ್ನ ಕೊರಳಿಗೆ ಕಟ್ಟು. ನಾಲ್ಕು ಗಂಟೆಯಾಗಲಿ, ಎಂಟು ಗಂಟೆಯಾಗಲಿ, ಎರಡನ್ನೂ ಹಾಕಿಕೊಂಡು ಕೂತಿರುತ್ತೇನೆ. ಸಿದ್ದಲಿಂಗಪ್ಪ ನಗಲಿ, ನಾಗವ್ವ ಊರಿಗೆಲ್ಲ ಸಾರಲಿ. ಇದು ಸರಿಯೋ ತಪ್ಪೋ ಎಂದು ನಾನು ಯಾವ ಅಯ್ಯನವರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ಅರ್ಧಕ್ಕೆ ಬಿಟ್ಟು ಬಂದೆಯೋ, ಅದನ್ನು ಬಿಚ್ಚಿಕೊಡಲು ನಾನು ಅವಸರ ಮಾಡುವುದಿಲ್ಲ.

ಕಟ್ಟುವಾಗ ನನ್ನನ್ನು ಮಾತಾಡಿಸಬೇಡ. ಆಣೆ ಇನ್ನೂ ಇದೆ. ಮೂರೂ ಮುಗಿಸಿ ನನ್ನ ಮುಂದೆ ಬಂದು ನಿಲ್ಲು, ಆಮೇಲೆ ಎಷ್ಟು ಬೇಕಾದರೂ ಮಾತಾಡೋಣ.

ಹೆದರಬೇಡ. ಆಗಲೂ ನಿನ್ನ ಲಿಂಗ ನನ್ನ ಕೊರಳಲ್ಲೇ ಇತ್ತು, ನೀನು ನೀರಿನಲ್ಲೇ ಇದ್ದೆ.

ಇಂತಿ ನಿನ್ನ
ಅವ್ವ